ಖಾರದ ಜೇನಿಗೆ ಹಸಿ ಮೆಣಸಿನಕಾಯಿ ಬೇಡ, ಒಣಗಿದ್ದೇ ಸರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಅಡುಗೆ ಪುಟದಲ್ಲಿ ಮನೇಲೇ ಖಾರದ ಜೇನು ಮಾಡೋದು ಹೇಗೆ ಅಂತ ಒಂದು ರೆಸಿಪಿ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ಈಗ ಎಲ್ಲಿ ನೋಡಿದ್ರೂ ಹಾಟ್ ಹನಿ ಹಾಟ್ ಹನಿ ಅಂತ ಜನ ಹುಚ್ಚೆದ್ದಿದ್ದಾರೆ, ಆದ್ರಿಂದ ಬರೆದಿದ್ದು ಒಳ್ಳೇದೇ, ಫೋಟೋನೂ ಬಾಯಲ್ಲಿ ನೀರು ಬರೋ ಹಾಗಿತ್ತು, ಅದಕ್ಕೇನೂ ತಕರಾರಿಲ್ಲ. ಆದ್ರೆ ಅದರಲ್ಲಿದ್ದ ಮೂರು ಮಾತು ಓದಿ ಸುಮ್ನಿರಕ್ಕೆ ಆಗ್ಲಿಲ್ಲ. ಹಸಿ ಮೆಣಸಿನಕಾಯಿ ಹೆಚ್ಚಿ ಜೇನಿಗೆ ಹಾಕಿ ಅಂತ ಒಂದು, ಆಮೇಲೆ ಚೆನ್ನಾಗಿ ಕುದಿಸಿ ಅಂತ ಇನ್ನೊಂದು, ಕೊನೇಲಿ ಜೇನಲ್ವಾ, ಹೊರಗಡೆ ಇಟ್ರೂ ವರ್ಷಗಟ್ಟಲೆ ಏನೂ ಆಗಲ್ಲ ಅಂತ ಮತ್ತೊಂದು. ಇದರಲ್ಲಿ ಕೊನೇ ಮಾತು ಬರೀ ಜೇನಿಗಾದ್ರೆ ನಿಜ, ಆದ್ರೆ ಮೊದಲನೇ ಮಾತು ಕೇಳಿದ ಮೇಲೆ ಕೊನೇ ಮಾತು ಸುಳ್ಳಾಗುತ್ತೆ, ಅದನ್ನ ಬರೆದವರು ಗಮನಿಸಿದ ಹಾಗಿಲ್ಲ.

ಜೇನು ಯಾಕೆ ಕೆಡಲ್ಲ ಅಂತ ಯಾರನ್ನ ಕೇಳಿದ್ರೂ ಅದು ಸಿಹಿ ಜಾಸ್ತಿ ಅದಕ್ಕೆ ಅಂತಾರೆ. ಅರ್ಧ ಸರಿ. ಅಸಲಿ ವಿಷಯ ನೀರಿನದ್ದು. ಚೆನ್ನಾಗಿ ಮಾಗಿದ ಜೇನಲ್ಲಿ ನೀರಿನಂಶ ಸುಮಾರು ನೂರಕ್ಕೆ 17-18 ಅಷ್ಟೇ ಇರುತ್ತೆ, ಕೋಡೆಕ್ಸ್ ಅನ್ನೋ ಅಂತಾರಾಷ್ಟ್ರೀಯ ಆಹಾರ ಮಾನದಂಡದಲ್ಲೂ 20ರ ಮೇಲೆ ಹೋಗಬಾರದು ಅಂತಿದೆ. ಆ ಇರೋ ಸ್ವಲ್ಪ ನೀರನ್ನೂ ಸಕ್ಕರೆ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಬ್ಯಾಕ್ಟೀರಿಯಾ ಬಂದ್ರೂ ಕುಡಿಯಕ್ಕೆ ನೀರೇ ಸಿಗಲ್ಲ. ಜೊತೆಗೆ ಜೇನು ನಾವು ಅಂದ್ಕೊಂಡಿದ್ದಕ್ಕಿಂತ ಹುಳಿ, ಅದರ ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 4ರ ಆಸುಪಾಸು ಇರುತ್ತೆ, ಸಿಹಿ ಮುಚ್ಚಿಬಿಡೋದ್ರಿಂದ ನಾಲಿಗೆಗೆ ಗೊತ್ತಾಗಲ್ಲ. ಈ ಎರಡರ ಬಲದ ಮೇಲೆ ಜೇನು ನಿಂತಿರೋದು. ಆದ್ರೆ ಜೇನಲ್ಲಿ ಯೀಸ್ಟ್ ಮೊದಲಿಂದನೂ ಇರುತ್ತೆ, ಸಕ್ಕರೆ ಎಷ್ಟಿದ್ರೂ ತಡ್ಕೊಳ್ಳೋ ಜಾತಿದು, ಸತ್ತಿರಲ್ಲ, ಸುಮ್ನೆ ಕಾಯ್ತಾ ಇರುತ್ತೆ. ನೀರಿನಂಶ 19-20 ದಾಟಿದ್ರೆ ಸಾಕು ಎದ್ದು ಕೂರುತ್ತೆ.

ಈಗ ಆ ರೆಸಿಪಿಯ ಲೆಕ್ಕ ನೋಡಿ. ಒಂದು ಕಪ್ ಜೇನು ಅಂದ್ರೆ ಸುಮಾರು 340 ಗ್ರಾಂ (ಜೇನು ನೀರಿಗಿಂತ ಭಾರ, ಲೀಟರಿಗೆ 1.4 ಕೆಜಿ ತೂಗುತ್ತೆ). ಅದರಲ್ಲಿ ನೀರು ಸುಮಾರು 61 ಗ್ರಾಂ. ಹಸಿ ಮೆಣಸಿನಕಾಯಿ ಅಂದ್ರೆ ನೂರಕ್ಕೆ 88ರಷ್ಟು ಬರೀ ನೀರು. 50 ಗ್ರಾಂ ಹಸಿ ಮೆಣಸಿನಕಾಯಿ ಹೆಚ್ಚಿ ಹಾಕಿದ್ರೆ 44 ಗ್ರಾಂ ನೀರು ಹಾಕಿದ ಹಾಗೆ. ಜೇನಿಗೆ ನೀರು ಎಳ್ಕೊಳ್ಳೋ ಗುಣ ಬೇರೆ, ಹೆಚ್ಚಿದ ತುಂಡಿಂದ ಸುಯ್ಯಂತ ಎಳ್ಕೊಳ್ಳುತ್ತೆ, ಎರಡು ದಿನ ಬಿಟ್ಟು ನೋಡಿದ್ರೆ ಜಾರ್ ಮೇಲ್ಗಡೆ ಜೇನು ತೆಳ್ಳಗಾಗಿ ಅಲ್ಲಾಡಿಸಿದ್ರೆ ಶರಬತ್ತಿನ ತರ ಓಡಾಡುತ್ತೆ, ಮೆಣಸಿನಕಾಯಿ ತುಂಡುಗಳು ಸುಕ್ಕಾಗಿ ಮೇಲೆ ತೇಲ್ತಾ ಇರ್ತವೆ. ನೀರು ಪೂರ್ತಿ ಬಿಟ್ಕೊಂಡ್ರೆ ಒಟ್ಟು ನೀರಿನಂಶ ನೂರಕ್ಕೆ 27 ಆಯ್ತು, ಅರ್ಧ ಮಾತ್ರ ಬಿಟ್ಕೊಳ್ತು ಅಂತ ಇಟ್ಕೊಂಡ್ರೂ 23. ಯೀಸ್ಟಿಗೆ ಇಷ್ಟು ಧಾರಾಳ ಸಾಕು. ಆಮೇಲೆ ಗುಳ್ಳೆ, ನೊರೆ, ಹುಳಿ ವಾಸನೆ, ಮುಚ್ಚಳ ತೆಗೆದ್ರೆ ಬುಸ್ ಅನ್ನೋ ಸದ್ದು. ಬಿಗಿಯಾಗಿ ಮುಚ್ಚಿಟ್ಟ ಗಾಜಿನ ಬಾಟ್ಲಿ ಆದ್ರೆ ಒತ್ತಡಕ್ಕೆ ಒಡೆದೂ ಹೋಗಬಹುದು.

ಹುಳಿ ಬಂದ್ರೆ ಮೂಗಿಗೆ ಗೊತ್ತಾಗುತ್ತೆ, ಎಸೀತೀವಿ. ಗೊತ್ತಾಗದೇ ಇರೋದು ಬೊಟುಲಿಸಂ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನೋ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣಲ್ಲಿರ್ತವೆ, ತರಕಾರಿ ಮೇಲಿರ್ತವೆ, ಜೇನಲ್ಲೂ ಇರಬಹುದು. ಅವು ಮೊಳೆಯಕ್ಕೆ ನೀರು ಬೇಕು, ಹುಳಿ ಕಡಿಮೆ ಇರಬೇಕು (ಪಿಎಚ್ 4.6ರ ಮೇಲೆ), ಗಾಳಿ ಇರಬಾರದು. ಗಟ್ಟಿ ಜೇನಲ್ಲಿ ನೀರೂ ಇಲ್ಲ, ಹುಳಿನೂ ಇದೆ, ಅದಕ್ಕೇ ಅವು ತೆಪ್ಪಗೆ ಮಲಗಿರ್ತವೆ. ಹಸಿ ಮೆಣಸಿನಕಾಯಿ ತುಂಡಿಗೆ ಅಷ್ಟು ಹುಳಿ ಇಲ್ಲ, ನೀರಂತೂ ತುಂಬಿರುತ್ತೆ, ಮುಚ್ಚಿದ ಜಾರ್ ಒಳಗೆ ಗಾಳಿನೂ ಕಮ್ಮಿ. ಸಂಭವ ಕಡಿಮೆನೇ, ಹೆದರಿಸಕ್ಕೆ ಹೇಳ್ತಿಲ್ಲ. ಆದ್ರೆ ಆ ಬೀಜಾಣು ಮೊಳೆತು ಮಾಡೋ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಾಯಿಲೆ ಬಂದ್ರೆ ಉಸಿರಾಟದ ಸ್ನಾಯುಗಳನ್ನೇ ಹಿಡಿಯುತ್ತೆ. ಅಡುಗೆಮನೆ ಒಲೆ ಮೇಲೆ ಕುದಿಸಿದ್ರೆ ಆ ಬೀಜಾಣು ಸಾಯಲ್ಲ, ಅದಕ್ಕೆ ಪ್ರೆಶರ್‌ನಲ್ಲಿ 121 ಡಿಗ್ರಿ ಬೇಕು. ಆದ್ರಿಂದ ಚೆನ್ನಾಗಿ ಕುದಿಸಿದೀವಲ್ಲ, ಇನ್ನೇನು ಭಯ ಅನ್ನೋ ಮಾತೂ ನಡಿಯಲ್ಲ.

ಇಷ್ಟೆಲ್ಲಾ ತಲೆನೋವು ಒಂದೇ ಒಂದು ಬದಲಾವಣೆಯಿಂದ ಹೋಗುತ್ತೆ, ಒಣ ಮೆಣಸಿನಕಾಯಿ ಹಾಕಿ. ಚೆನ್ನಾಗಿ ಒಣಗಿದ್ರಲ್ಲಿ ನೂರಕ್ಕೆ ಹತ್ತರ ಆಸುಪಾಸು ನೀರು ಇರುತ್ತೆ, 340 ಗ್ರಾಂ ಜೇನಿಗೆ 10 ಗ್ರಾಂ ಹಾಕಿದ್ರೆ ಒಳಗೆ ಹೋಗೋ ನೀರು ಒಂದು ಗ್ರಾಂ. ಲೆಕ್ಕಕ್ಕೇ ಇಲ್ಲ. ರುಚಿ ವಿಷಯದಲ್ಲೂ ನನಗೆ ಒಣಗಿದ್ದೇ ಇಷ್ಟ, ಹಸಿದ್ರಲ್ಲಿ ಆ ಎಲೆ ವಾಸನೆ ಜೇನಿನ ಹೂವಿನ ಪರಿಮಳಕ್ಕೆ ಅಡ್ಡ ಬರುತ್ತೆ, ಒಣಗಿದ್ರಲ್ಲಿ ಒಂದು ಹುರಿದ ಹಣ್ಣಿನ ಘಮ ಇರುತ್ತೆ ನೋಡಿ ಅದು ಜೇನಿಗೆ ಸರಿಯಾಗಿ ಹೊಂದುತ್ತೆ. ಬೇರೆಯವರಿಗೆ ಹಸಿದೇ ಇಷ್ಟ ಇರಬಹುದು, ಬೇಡ ಅನ್ನಲ್ಲ, ಆದ್ರೆ ಹಾಗೆ ಮಾಡಿದ್ರೆ ತುಂಡೆಲ್ಲಾ ಸೋಸಿ ತೆಗೆದು ಫ್ರಿಜ್ಜಲ್ಲಿಟ್ಟು ಒಂದು ವಾರದೊಳಗೆ ಖಾಲಿ ಮಾಡ್ಬೇಕು ಅನ್ನೋದನ್ನ ರೆಸಿಪಿಲೇ ಬರೀಬೇಕಿತ್ತು.

ಮಾಡೋ ವಿಧಾನ ಹೇಳ್ತೀನಿ, ಉದ್ದ ಆಯ್ತು ಅಂತ ಕತ್ತರಿ ಹಾಕೋದಾದ್ರೆ ದಯವಿಟ್ಟು ಬೇರೆ ಕಡೆ ಹಾಕಿ. ಗಾಜಿನ ಜಾರ್ ಮತ್ತೆ ಮುಚ್ಚಳ ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ, ಬಟ್ಟೆಲಿ ಒರೆಸಿದ್ರೆ ಸಾಲದು, ತಳದ ಅಂಚಲ್ಲಿ ಒಂದು ಹನಿ ನೀರೂ ನಿಂತಿರಬಾರದು. ಒಣ ಮೆಣಸಿನಕಾಯಿ ತೊಟ್ಟು ತೆಗೆದು ಒರಟಾಗಿ ಪುಡಿ ಮಾಡ್ಕೊಳ್ಳಿ ಅಥವಾ ಚಿಲ್ಲಿ ಫ್ಲೇಕ್ಸೇ ತಗೊಳ್ಳಿ, ನುಣ್ಣಗಿನ ಖಾರದ ಪುಡಿ ಬೇಡ, ಅದು ಸೋಸಕ್ಕೆ ಬರಲ್ಲ, ತಳದಲ್ಲಿ ಕೆಸರಾಗಿ ಕೂತ್ಕೊಂಡು ಕೊನೇ ಚಮಚ ತಿಂದೋರ ಕಥೆ ಮುಗೀತು. ಒಂದು ಕಪ್ ಜೇನಿಗೆ ಎರಡು ಟೇಬಲ್ ಚಮಚ ಫ್ಲೇಕ್ಸ್ ಹಾಕಿದ್ರೆ ಒಳ್ಳೇ ಖಾರ, ಹೆದ್ರಿಕೆ ಇದ್ರೆ ಒಂದರಿಂದ ಶುರು ಮಾಡಿ. ಒಂದು ಪಾತ್ರೆಲಿ ನೀರು ಬಿಸಿ ಮಾಡಿ ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಅದರಲ್ಲಿ ಜೇನು ಮತ್ತೆ ಫ್ಲೇಕ್ಸ್ ಹಾಕಿ ಸಣ್ಣ ಉರೀಲಿ ಕಲಕ್ತಾ ಇರಿ. ಮೊದಮೊದಲು ಚಮಚ ಎಳೆಯಕ್ಕೇ ಕಷ್ಟ ಇರುತ್ತೆ, ಸ್ವಲ್ಪ ಹೊತ್ತಿಗೆ ಜೇನು ಸಡಿಲ ಆಗಿ ನೀರಿನ ತರ ಹರಿಯಕ್ಕೆ ಶುರು ಮಾಡುತ್ತೆ, ಫ್ಲೇಕ್ಸ್ ಸುತ್ತ ಕೆಂಪು ಬಣ್ಣ ಬಿಟ್ಕೊಳ್ಳೋದು ಕಾಣ್ಸುತ್ತೆ, ಪಾತ್ರೆ ಅಂಚಲ್ಲಿ ಸಣ್ಣ ಸಣ್ಣ ಗುಳ್ಳೆ ಬರೋ ಮುಂಚೆನೇ ಉರಿ ಆರಿಸಿ. ಥರ್ಮಾಮೀಟರ್ ಇದ್ರೆ 60-65 ಡಿಗ್ರಿ ಹತ್ತಿರ ಇಟ್ಕೊಳ್ಳಿ. ಹತ್ತು ನಿಮಿಷ ಆ ಬಿಸೀಲಿ ಇದ್ರೆ ಸಾಕು, ಆಮೇಲೆ ಮುಚ್ಚಿಟ್ಟು ಒಂದೆರಡು ಗಂಟೆ ಹಾಗೇ ನೆನೆಯಕ್ಕೆ ಬಿಡಿ.

ಬಿಸಿ ಯಾಕೆ ಬೇಕು ಅಂದ್ರೆ, ಖಾರ ಕೊಡೋ ಕ್ಯಾಪ್ಸೈಸಿನ್ ಎಣ್ಣೆಲಿ ಕರಗುತ್ತೆ, ಆಲ್ಕೋಹಾಲಲ್ಲಿ ಕರಗುತ್ತೆ, ನೀರಲ್ಲಿ ಕರಗೋದು ತೀರಾ ಕಮ್ಮಿ. ಜೇನಲ್ಲಿ ಎಣ್ಣೆ ಅಂಶನೇ ಇಲ್ಲ. ಅದಕ್ಕೇ ತಣ್ಣಗಿರೋ ಗಟ್ಟಿ ಜೇನಿಗೆ ಮೆಣಸಿನಕಾಯಿ ಹಾಕಿಟ್ರೆ ವಾರಗಟ್ಟಲೆ ಕಾಯ್ಬೇಕು, ಆಗ್ಲೂ ಖಾರ ಸಪ್ಪೆನೇ. ಬಿಸಿ ಮಾಡಿದ್ರೆ ಜೇನು ತೆಳ್ಳಗಾಗಿ ಮೆಣಸಿನಕಾಯಿಯ ಸಂದುಸಂದಿಗೂ ಹೋಗುತ್ತೆ, ಖಾರ ಬಿಟ್ಕೊಳ್ಳುತ್ತೆ. ಇನ್ನೊಂದು ತಪ್ಪು ನಂಬಿಕೆ, ಖಾರ ಎಲ್ಲಾ ಬೀಜದಲ್ಲಿರುತ್ತೆ ಅನ್ನೋದು. ಬೀಜ ಅಂಟ್ಕೊಂಡಿರೋ ಆ ಬಿಳಿ ದಿಂಡಿದ್ಯಲ್ಲ, ಕ್ಯಾಪ್ಸೈಸಿನ್ ತಯಾರಾಗೋದು ಅಲ್ಲಿ, ಬೀಜಕ್ಕೆ ಅದು ಮೆತ್ಕೊಂಡಿರುತ್ತೆ ಅಷ್ಟೇ. ಖಾರ ಕಮ್ಮಿ ಬೇಕು ಅನ್ನೋರು ಬೀಜ ಒದರಿ ದಿಂಡು ಹಾಗೇ ಬಿಟ್ರೆ ಏನೂ ಉಪಯೋಗ ಇಲ್ಲ.

ಹಾಗಂತ ಕುದಿಸಬಾರದು. ಕುದಿಸಿದ್ರೆ ಜೇನು ಹಾಲಿಗಿಂತ ಜೋರಾಗಿ ಉಕ್ಕಿ ಒಲೆ ತುಂಬಾ ಹರಿಯುತ್ತೆ ಅನ್ನೋದು ಒಂದು ಕಡೆ, ಅದಕ್ಕಿಂತ ಮುಖ್ಯ ಏನಂದ್ರೆ ಜೇನಿನ ಪರಿಮಳ ಹಾರಿಹೋಗುತ್ತೆ, ಬಣ್ಣ ಕಪ್ಪಾಗುತ್ತೆ, ಡಯಾಸ್ಟೇಸ್ ಇನ್ವರ್ಟೇಸ್ ಅಂತ ಅದರಲ್ಲಿರೋ ಕಿಣ್ವಗಳು ಸಾಯ್ತವೆ, ಉಳಿಯೋದು ಬರೀ ಸಕ್ಕರೆ ಪಾಕ. ದುಡ್ಡು ಕೊಟ್ಟು ಒಳ್ಳೇ ಜೇನು ತಂದು ಪಾಕ ಮಾಡೋದಾದ್ರೆ ಸಕ್ಕರೆನೇ ಕುದಿಸಬಹುದಲ್ಲ. ಇನ್ನು ಜೇನು ಸ್ವಲ್ಪ ಬಿಸಿ ಮಾಡಿದ್ರೂ ವಿಷ ಆಗುತ್ತೆ ಅಂತ ಫಾರ್ವರ್ಡ್ ಮಾಡೋರು ಇದಾರೆ, ಅವರಿಗೂ ಒಂದು ಮಾತು. ಬಿಸಿ ಮಾಡಿದಾಗ ಎಚ್‌ಎಂಎಫ್ ಅನ್ನೋ ಪದಾರ್ಥ ಜಾಸ್ತಿ ಆಗೋದು ನಿಜ, ಕೋಡೆಕ್ಸ್ ಅದಕ್ಕೆ ಕೆಜಿಗೆ 40 ಮಿಲಿಗ್ರಾಂ ಮಿತಿ ಇಟ್ಟಿದೆ, ಉಷ್ಣ ವಲಯದ ಜೇನಿಗೆ 80. ಆದ್ರೆ ಆ ಮಿತಿ ಇರೋದು ಜೇನು ಹಳೇದಾ, ಸಿಕ್ಕಾಪಟ್ಟೆ ಕಾಯಿಸಿದಾರಾ ಅಂತ ಕಂಡುಹಿಡಿಯಕ್ಕೆ, ಅದೇ ಎಚ್‌ಎಂಎಫ್ ಹುರಿದ ಕಾಫಿಲೂ ಇದೆ, ಬ್ರೆಡ್ಡಿನ ಕಂದು ಸಿಪ್ಪೆಲೂ ಇದೆ. ಹತ್ತು ನಿಮಿಷ 60 ಡಿಗ್ರಿಲಿಟ್ರೆ ಯಾರೂ ಸಾಯಲ್ಲ.

ಖಾರ ಸಾಕಾ ಇಲ್ವಾ ಅಂತ ಯಾವಾಗ ನೋಡ್ಬೇಕು ಅನ್ನೋದು ರೆಸಿಪಿಲಿ ಇರಲೇ ಇಲ್ಲ, ರುಚಿಗೆ ತಕ್ಕಷ್ಟು ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದುಬಿಟ್ಟಿದಾರೆ. ಬಿಸಿ ಇದ್ದಾಗ ನೋಡ್ಬೇಡಿ, ಮೋಸ ಹೋಗ್ತೀರಿ. ನಮ್ಮ ನಾಲಿಗೆಲಿ ಖಾರ ಗುರುತಿಸೋ ಟಿಆರ್‌ಪಿವಿ1 ಅನ್ನೋ ರಿಸೆಪ್ಟರ್, ಅಂದ್ರೆ ನರದ ತುದೀಲಿರೋ ಸಂವೇದಕ ಇದ್ಯಲ್ಲ, ಅದು ಸುಡೋ ಬಿಸೀನೂ ಗುರುತಿಸೋದು, ಸುಮಾರು 43 ಡಿಗ್ರಿ ದಾಟಿದ್ರೆ ಬಿಸಿಗೇ ಅದು ಚುರ್ ಅಂತ ಏಳುತ್ತೆ. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನ ಕಂಡುಹಿಡೀತು, ಅವರಿಗೆ 2021ರಲ್ಲಿ ನೊಬೆಲ್ ಬಂದಿದ್ದೂ ಈ ಕೆಲಸಕ್ಕೇ, ಕಂಡುಹಿಡಿಯಕ್ಕೆ ಅವರು ಬಳಸಿದ್ದೂ ಕ್ಯಾಪ್ಸೈಸಿನ್ನೇ. ಅಂದ್ರೆ ಬಿಸಿ ಜೇನಿಗೆ ಬಿಸೀನೂ ಖಾರಾನೂ ಸೇರಿ ಡಬಲ್ ಏಟು, ಅದನ್ನ ನಂಬಿ ಅಯ್ಯೋ ಸಾಕು ಅಂತ ಸೋಸಿಬಿಟ್ರೆ ಆರಿದ ಮೇಲೆ ಸಪ್ಪೆ. ಒಂದು ತಟ್ಟೆಗೆ ಅರ್ಧ ಚಮಚ ಹಾಕಿ ಪೂರ್ತಿ ಆರಿದ ಮೇಲೆ ನೆಕ್ಕಿ ನೋಡಿ, ನೆಕ್ಕಿದ ತಕ್ಷಣ ತೀರ್ಪು ಕೊಡಬೇಡಿ, ಮೊದಲು ಸಿಹಿ ಬರುತ್ತೆ, ಖಾರ ನಿಧಾನಕ್ಕೆ ಗಂಟಲ ಹತ್ರ ಏಳುತ್ತೆ. ಸಿಹಿ ಖಾರವನ್ನ ತಗ್ಗಿಸುತ್ತೆ ಅನ್ನೋದೂ ನೆನಪಿರಲಿ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಅನ್ನೋ ಔಷಧ ತಜ್ಞ ಮೆಣಸಿನಕಾಯಿ ಖಾರ ಅಳೆಯಕ್ಕೆ ಹೊರಟಾಗ ಅದರ ಸಾರವನ್ನ ಸಕ್ಕರೆ ನೀರಲ್ಲೇ ಬೆರೆಸ್ತಾ ಹೋಗಿ, ಎಷ್ಟು ಬೆರೆಸಿದಾಗ ಖಾರ ಗೊತ್ತಾಗಲ್ಲ ಅಂತ ನೋಡ್ತಿದ್ದ. ಈಗಿನ ಸ್ಕೋವಿಲ್ ಅಂಕಿ ಹುಟ್ಟಿದ್ದು ಅಲ್ಲಿಂದ. ಮೆಣಸಿನಕಾಯಿ ಜಾತಿಗಳಲ್ಲಿ ಹಲಪೇನ್ಯೋ 2,500ರಿಂದ 8,000, ಕೆಯೆನ್ 30,000ದಿಂದ 50,000, ಹಬನೆರೋ ಲಕ್ಷದ ಮೇಲೆ. ಇಷ್ಟು ವ್ಯತ್ಯಾಸ ಇರೋವಾಗ ಯಾವ ಮೆಣಸಿನಕಾಯಿ ಅಂತ ಹೇಳದೇ ಎಂಟು ಹಾಕಿ ಹತ್ತು ಹಾಕಿ ಅಂದ್ರೆ ಓದೋರು ಏನ್ ಅರ್ಥ ಮಾಡ್ಕೋಬೇಕು?

ಸೋಸೋದು ಬೆಚ್ಚಗಿದ್ದಾಗ್ಲೇ, ಆರಿದ ಮೇಲೆ ಜಾಲರಿಲಿ ಇಳಿಯೋದೇ ಇಲ್ಲ. ಫ್ಲೇಕ್ಸ್ ಒಳಗೇ ಬಿಡ್ತೀನಿ, ನೋಡಕ್ಕೆ ಚೆಂದ ಅನ್ನೋರು ಬಿಡಬಹುದು, ಒಣಗಿದ್ದಲ್ವಾ, ಕೆಡಲ್ಲ, ಆದ್ರೆ ದಿನ ಹೋದ ಹಾಗೆ ಖಾರ ಇನ್ನೂ ಇಳೀತಾ ಇರುತ್ತೆ, ಇವತ್ತು ಹಿತವಾಗಿದ್ದು ಮುಂದಿನ ತಿಂಗಳು ಕಣ್ಣಲ್ಲಿ ನೀರು ತರಿಸುತ್ತೆ. ಸೋಸಿ ಉಳಿದ ಜೇನು ಮೆತ್ತಿದ ಫ್ಲೇಕ್ಸ್ ಎಸೀಬೇಡಿ, ಕಡಲೆಬೀಜ ಗೋಡಂಬಿ ಹುರಿಯೋವಾಗ ಕೊನೇಲಿ ಹಾಕಿದ್ರೆ ಮಸ್ತ್ ಇರುತ್ತೆ.

ವಿನೆಗರ್ ವಿಷಯದಲ್ಲಿ ಸ್ವಲ್ಪ ಜಗಳ ಇದೆ. ಒಂದು ಚಮಚ ಆಪಲ್ ಸೈಡರ್ ವಿನೆಗರ್ ಹಾಕಿದ್ರೆ ಸಿಹಿಯ ಮೊಂಡುತನ ಕಮ್ಮಿ ಆಗಿ ರುಚಿ ಎದ್ದು ಕಾಣುತ್ತೆ, ನನಗೂ ಇಷ್ಟ. ಆದ್ರೆ ವಿನೆಗರ್ ಅಂದ್ರೆ ನೂರಕ್ಕೆ 5 ಭಾಗ ಆಸಿಡ್, ಮಿಕ್ಕಿದ್ದು ಹೆಚ್ಚುಕಮ್ಮಿ ಪೂರ್ತಿ ನೀರು. ಒಂದು ಕಪ್ ಜೇನಿಗೆ ಒಂದು ಟೀ ಚಮಚ, ಅಂದ್ರೆ 5 ಎಂಎಲ್ ಹಾಕಿದ್ರೆ ನೀರಿನಂಶ 18ರಿಂದ 19ಕ್ಕೆ ಬರುತ್ತೆ. ಒಂದು ಟೇಬಲ್ ಚಮಚ ಹಾಕಿದ್ರೆ 21 ದಾಟುತ್ತೆ. ಟೀ ಚಮಚಕ್ಕೂ ಟೇಬಲ್ ಚಮಚಕ್ಕೂ ಇಷ್ಟು ಫರಕಿದೆ, ನಿಮ್ಮ ರೆಸಿಪಿಲಿ ಬರೀ ಚಮಚ ಅಂತಿತ್ತು. ವಿನೆಗರ್ ಹಾಕಿದ್ದು ಫ್ರಿಜ್ಜಿಗೆ, ಹಾಕದೇ ಇದ್ದಿದ್ದು ಬಿಸಿಲು ತಾಗದ ಕಪಾಟಿಗೆ, ಇಷ್ಟು ನೆನಪಿಟ್ಕೊಂಡ್ರೆ ಆಯ್ತು. ಬೆಳ್ಳುಳ್ಳಿ, ಹಸಿ ಶುಂಠಿ ಹಾಕ್ತೀನಿ ಅನ್ನೋರಿಗೂ ಹಸಿ ಮೆಣಸಿನಕಾಯಿಗೆ ಹೇಳಿದ್ದೇ ಅನ್ವಯ.

ಕೈ ವಿಷಯ ಎಲ್ಲರಿಗೂ ಗೊತ್ತಿರೋದೇ, ಗ್ಲೌಸ್ ಹಾಕ್ಕೊಳ್ಳಿ, ಹಾಕ್ಕೊಳ್ದೇ ಮುಟ್ಟಿದ್ರೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ, ಬರೀ ನೀರಿಗೆ ಹೋಗಲ್ಲ. ಒಣ ಫ್ಲೇಕ್ಸ್ ಬರೀ ಬಾಣಲೆಗೆ ಹಾಕಿ ಹುರಿದ್ರೆ ಏಳೋ ಘಾಟಿಗೆ ಮನೆಮಂದಿ ಎಲ್ಲಾ ಕೆಮ್ಮಿ ಬೀದಿಗೆ ಬರ್ತಾರೆ, ಜೇನಿನ ಜೊತೆ ಸಣ್ಣ ಉರೀಲಾದ್ರೆ ಆ ಕಾಟ ಅಷ್ಟಿಲ್ಲ. ಬಾಯಿ ಉರಿದ್ರೆ ನೀರಲ್ಲ, ಹಾಲು.

ನಿಜವಾಗ್ಲೂ ನನಗೆ ಕೋಪ ಬಂದಿದ್ದು ಆ ಪುಟದ ಕೊನೇ ಸಾಲಿಗೆ, ಖಾರ ಕಮ್ಮಿ ಮಾಡಿದ್ರೆ ಪುಟ್ಟ ಮಕ್ಕಳಿಗೂ ಕೊಡಬಹುದು ಅಂತ. ಎಷ್ಟು ಪುಟ್ಟ? ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು, ಖಾರ ಇರಲಿ ಇಲ್ಲದಿರಲಿ, ಕಾಯಿಸಿದ್ದಿರಲಿ ಹಸಿದಿರಲಿ, ಬೆರಳ ತುದೀಲಿ ಒಂದು ತೊಟ್ಟೂ ಕೂಡದು. ಮೇಲೆ ಹೇಳಿದ ಬೀಜಾಣು ದೊಡ್ಡವರ ಹೊಟ್ಟೇಲಿ ಸಾಮಾನ್ಯವಾಗಿ ಏನೂ ಮಾಡಲ್ಲ, ಆದ್ರೆ ಎಳೇ ಕೂಸಿನ ಕರುಳಲ್ಲಿ ಅದನ್ನ ತಡೆಯೋ ಒಳ್ಳೇ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರಲ್ಲ, ಅಲ್ಲೇ ಮೊಳೆತು ವಿಷ ಮಾಡುತ್ತೆ. 1976ರಲ್ಲೇ ಶಿಶುಗಳ ಬೊಟುಲಿಸಂ ಅಂತ ಈ ಕಾಯಿಲೆ ಗುರುತಿಸಿದಾರೆ. ಮಲಬದ್ಧತೆಯಿಂದ ಶುರುವಾಗುತ್ತೆ, ಅಳು ಸಣ್ಣಗಾಗುತ್ತೆ, ಹಾಲು ಕುಡಿಯಕ್ಕೆ ಶಕ್ತಿ ಇರಲ್ಲ, ಕುತ್ತಿಗೆ ನಿಲ್ಲಲ್ಲ. ಇಂಥ ವಿಷಯ ಅಡುಗೆ ಪುಟದಲ್ಲಿ ಯಾಕೆ ಅಂತ ನಿಮ್ಮವರು ಕೇಳಬಹುದು, ಜೇನು ಬರೋದೇ ಅಡುಗೆ ಪುಟದಲ್ಲಿ ಅಂದಮೇಲೆ ಇನ್ನೆಲ್ಲಿ ಬರೀಬೇಕು ಸ್ವಾಮಿ. ಒಂದು ವರ್ಷ ದಾಟಿದ ಮಕ್ಕಳಿಗೆ ಖಾರ ಎಷ್ಟು ತಡೆಯುತ್ತೆ ಅನ್ನೋದು ಮನೆಯವರಿಗೆ ಬಿಟ್ಟಿದ್ದು.

ಖಾರದ ಜೇನನ್ನ ಔಷಧಿ ಅನ್ನೋ ಹಾಗೆ ಬರೆದಿದ್ದೂ ಅತಿ ಆಯ್ತು. ದಿನಾ ಬೆಳಗ್ಗೆ ಎರಡು ಚಮಚ ತಗೊಂಡ್ರೆ ತೂಕ ಇಳಿಯುತ್ತೆ ಅಂತೆ! ಒಂದು ಟೇಬಲ್ ಚಮಚ ಜೇನು ಅಂದ್ರೆ ಸುಮಾರು 64 ಕ್ಯಾಲೊರಿ, 17 ಗ್ರಾಂ ಸಕ್ಕರೆ, ಮೆಣಸಿನಕಾಯಿ ಹಾಕಿದ ಮಾತ್ರಕ್ಕೆ ಅದೇನೂ ಮಾಯ ಆಗಲ್ಲ. ಶುಗರ್ ಇರೋರು ಓದಿ ನಂಬಿಬಿಟ್ರೆ? ಪಿಜ್ಜಾ ಮೇಲೆ, ಚೀಸ್ ಜೊತೆ, ಸುಟ್ಟ ಕುಂಬಳಕಾಯಿ ಮೇಲೆ, ಹೆಚ್ಚಿದ ಹಣ್ಣಿನ ಮೇಲೆ ಒಂದು ಎಳೆ ಸುರ್ಕೊಂಡು ಖುಷಿಯಾಗಿ ತಿನ್ನೋ ಪದಾರ್ಥ ಇದು. ಅದನ್ನೂ ಒಲೆಯಿಂದ ಇಳಿಸಿದ ಮೇಲೆ ಹಾಕ್ಬೇಕು, ಜೇನಲ್ಲಿ ಫ್ರಕ್ಟೋಸ್ ಜಾಸ್ತಿ, ಕಾದ ಬಾಣಲೆಲಿ ಬೇಗ ಕಪ್ಪಾಗಿ ಕಹಿ ಬರುತ್ತೆ.

ಇಟ್ಟ ಮೇಲೆ ಹರಳುಗಟ್ಟಿದ್ರೆ ಕಲಬೆರಕೆ ಅಂತ ಗಾಬರಿ ಬೇಡ, ಗ್ಲೂಕೋಸ್ ಹರಳಾಗೋದು ಜೇನಿನ ಗುಣ, 14 ಡಿಗ್ರಿ ಹತ್ತಿರದ ಚಳೀಲಂತೂ ಬೇಗ ಆಗುತ್ತೆ. ಜಾರನ್ನ 40 ಡಿಗ್ರಿ ಬೆಚ್ಚನೆ ನೀರಲ್ಲಿ ಇಟ್ರೆ ನಿಧಾನಕ್ಕೆ ಕರಗುತ್ತೆ, ಮೈಕ್ರೋವೇವ್ ಬೇಡ. ಒದ್ದೆ ಚಮಚ ಹಾಕೋ ಅಭ್ಯಾಸ ಇರೋರ ಮನೇಲಿ ಮಾತ್ರ ಯಾವ ಲೆಕ್ಕಾನೂ ನಡಿಯಲ್ಲ.

ಸಂಪಾದಕರೇ, ಮುಂದಿನ ಭಾನುವಾರ ಅದೇ ಪುಟದಲ್ಲಿ, ಕಣ್ಣಿಗೆ ಕಾಣೋ ಅಕ್ಷರದಲ್ಲಿ ಒಂದು ತಿದ್ದುಪಡಿ ಹಾಕಿ. ಒಣ ಮೆಣಸಿನಕಾಯಿ ಬಳಸಿ, ಕುದಿಸಬೇಡಿ, ಒಂದು ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ. ಆ ರೆಸಿಪಿ ನೋಡಿ ಈಗಾಗ್ಲೇ ಹಸಿ ಮೆಣಸಿನಕಾಯಿ ಹಾಕಿ ಕಪಾಟಲ್ಲಿ ಇಟ್ಟಿರೋರಿಗೂ ಎರಡು ಸಾಲು ಬರೀರಿ, ಅವರೇ ಈಗ ಮುಖ್ಯ. ಇವತ್ತೋ ನಿನ್ನೆನೋ ಮಾಡಿದ್ದಾದ್ರೆ ತುಂಡೆಲ್ಲಾ ಸೋಸಿ ಫ್ರಿಜ್ಜಿಗೆ ಇಟ್ಟು ವಾರದೊಳಗೆ ಮುಗಿಸಲಿ. ಅದಕ್ಕಿಂತ ಹಳೇದಾಗಿ ಹೊರಗಡೆನೇ ಇದ್ರೆ, ಗುಳ್ಳೆ ಬಂದಿರಲಿ ಬರದೇ ಇರಲಿ, ರುಚಿ ನೋಡಕ್ಕೂ ಹೋಗ್ದೆ ಎಸೀಲಿ, ಮುಚ್ಚಳ ತೆಗೆಯೋವಾಗ ಮುಖ ದೂರ ಇಟ್ಕೊಂಡು ನಿಧಾನಕ್ಕೆ ತೆಗೀಲಿ.

ಇಂತಿ,
ನಿಮ್ಮ ಹಳೇ ಓದುಗ